ಲೂರ್‌ಗೆ ಬಣ್ಣ ಹೊಡೆಯುವ ಮುನ್ನ ಒಂದು ಟಾರ್ಚ್ ಹಚ್ಚಿಡಿ

ಕತ್ತಲಾದ ಮೇಲೆ ಕೋಣೆಯ ದೀಪ ಆರಿಸಿ, ಮೇಜಿನ ಒಂದು ಮೂಲೆಗೆ ಟಾರ್ಚ್ ಹಚ್ಚಿಟ್ಟು, ಆ ಬೆಳಕಿಗೆ ಅಡ್ಡಲಾಗಿ ಏರ್‌ಬ್ರಷ್‌ನಿಂದ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಉಪಕರಣ) ಎರಡು ಸೆಕೆಂಡು ಬಣ್ಣ ಬಿಡಿ. ಲೂರ್ (ಮೀನು ಹಿಡಿಯಲು ಬಳಸುವ ಕೃತಕ ಎರೆ) ಮೇಲೆ ಕೂತಿದ್ದೆಷ್ಟು, ಅದರ ಬೆನ್ನು ಸವರಿಕೊಂಡು ಆಚೆ ಹೋಗಿ, ಸುರುಳಿ ಸುತ್ತಿ, ನಿಧಾನಕ್ಕೆ ನಿಮ್ಮ ಮೂಗಿನ ಕಡೆಗೇ ಮರಳಿದ ಮಂಜೆಷ್ಟು ಅನ್ನುವುದು ಆಗ ಕಾಣುತ್ತದೆ. ಹಗಲಲ್ಲೂ ಅದು ಅಷ್ಟೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ.

ಲೆಕ್ಕವೂ ಅದನ್ನೇ ಹೇಳುತ್ತದೆ. ಸಾಧಾರಣ ಕ್ರ್ಯಾಂಕ್‌ಬೇಟ್‌ನ (ಮುಂದೆ ತುಟಿಯಿರುವ, ಮೀನಿನಾಕಾರದ ಲೂರ್) ಮೈ 2 ಸೆಂ.ಮೀ. ಎತ್ತರ. ಏರ್‌ಬ್ರಷ್ ದೂರ ಹಿಡಿದಾಗ ಬಣ್ಣದ ವೃತ್ತ 5 ಸೆಂ.ಮೀ. ಅಗಲಕ್ಕೆ ಹರಡಿದರೆ, ಹೆಚ್ಚುಕಡಿಮೆ ಅರ್ಧ ಬಣ್ಣ ಲೂರ್‌ನ ಮೇಲಿಂದ, ಕೆಳಗಿಂದ ಹಾಗೇ ಹಾದುಹೋಗುತ್ತದೆ. ಅದೇ ವೃತ್ತ 2 ಸೆಂ.ಮೀ.ಗೆ ಇಳಿದರೆ ಬಹುಪಾಲು ಮೈಗೇ ಹತ್ತುತ್ತದೆ. ಕೈ ಪಳಗಿಸಿಕೊಳ್ಳುವುದು ಒಂದು ಪಾಠ, ಶ್ವಾಸಕೋಶ ಕಾಪಾಡಿಕೊಳ್ಳುವುದು ಇನ್ನೊಂದು ಪಾಠ ಅಂತ ಬೇರೆ ಬೇರೆ ಇಡುವವರೇ ಹೆಚ್ಚು. ಎರಡೂ ಒಂದೇ. ಗೆರೆಯನ್ನು ಒರಟು ಮಾಡುವ ಜಾಸ್ತಿ ಒತ್ತಡ, ಜಾಸ್ತಿ ದೂರ, ತಪ್ಪಿದ ಹದ, ಇವೇ ಕೋಣೆಯನ್ನೂ ಮಂಜಿನಿಂದ ತುಂಬುತ್ತವೆ.

ಕಂಪ್ರೆಸರ್‌ನ ನೀರು

ಏರ್‌ಬ್ರಷ್‌ಗೆ ಗಾಳಿ ಒದಗಿಸಲು ಹವ್ಯಾಸಕ್ಕೆ ಸಿಗುವ 1/6 ಎಚ್‌ಪಿ ಎಣ್ಣೆರಹಿತ ಪಿಸ್ಟನ್ ಕಂಪ್ರೆಸರ್, ಕೆಳಗೊಂದು 3 ಲೀಟರ್ ಟ್ಯಾಂಕ್ ಇದ್ದರೆ ಲೂರ್ ಕೆಲಸಕ್ಕೆ ಧಾರಾಳವಾಯಿತು. ಒತ್ತಡ 3 ಬಾರ್‌ಗೆ ಇಳಿದಾಗ ಚಾಲೂ ಆಗಿ, 4 ಬಾರ್‌ಗೆ ತಾನೇ ನಿಲ್ಲುತ್ತದೆ. ಟ್ಯಾಂಕ್ ಇಲ್ಲದ್ದನ್ನು ಕೊಳ್ಳಬೇಡಿ. ಪಿಸ್ಟನ್‌ನ ಒಂದೊಂದು ಬಡಿತವೂ ಗಾಳಿಯಲ್ಲಿ ಮಿಡಿಯುತ್ತದೆ, ಸಣ್ಣ ಗೆರೆ ಎಳೆದಾಗ ಅದು ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ.

ನೀರಿನ ಕಾಟ ಮಳೆಗಾಲದಲ್ಲಿ ಮಾತ್ರ ಅನ್ನುವ ನಂಬಿಕೆ ಇದೆ. ಗಾಳಿಯನ್ನು 4 ಬಾರ್‌ವರೆಗೆ ಒತ್ತಿದರೆ ಅದು ಐದನೇ ಒಂದು ಭಾಗಕ್ಕೆ ಕುಗ್ಗುತ್ತದೆ, ಒಳಗಿನ ತೇವ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಹೊರಗಿನ ಆರ್ದ್ರತೆ ಶೇ. 20 ದಾಟಿದರೆ ಸಾಕು, ಒತ್ತಿದ ಗಾಳಿ ಕೋಣೆಯ ಬಿಸಿಗೆ ತಣಿಯುತ್ತಿದ್ದಂತೆ ನೀರು ಬಿಡುತ್ತದೆ. ಅಂದರೆ ಮಂಗಳೂರಿನ ಜುಲೈ ಇರಲಿ, ಬೆಂಗಳೂರಿನ ಜನವರಿ ಇರಲಿ, ಟ್ಯಾಂಕಿನಲ್ಲಿ ನೀರು ಇದ್ದದ್ದೇ. ಕರಾವಳಿಯಲ್ಲಿ ಹೆಚ್ಚು, ಅಷ್ಟೇ ವ್ಯತ್ಯಾಸ.

ತೊಂದರೆ ಎಲ್ಲಿ ಅಂದರೆ, ಕಂಪ್ರೆಸರ್ ಒಂದೇ ಸಮನೆ ಓಡಿ ಬಿಸಿಯಾದಾಗ ತೇವ ಇನ್ನೂ ಆವಿಯಾಗಿಯೇ ಇದ್ದು ಒತ್ತಡ ಹೊಂದಿಸುವ ರೆಗ್ಯುಲೇಟರ್ ಪಕ್ಕದ, ನೀರು ಬೇರ್ಪಡಿಸುವ ಪಾರದರ್ಶಕ ಬುರುಡೆಯನ್ನು ದಾಟಿಬಿಡುತ್ತದೆ. ಪೈಪಿನಲ್ಲಿ ತಣಿದು ಹನಿಯಾಗುತ್ತದೆ. ಆ ಹನಿ ಸರಿಯಾಗಿ ಬೆನ್ನಿನ ಕಪ್ಪು ಹೊಡೆಯುವಾಗಲೇ ಬಂದು ಬೀಳುತ್ತದೆ, ಬಣ್ಣದ ಮಧ್ಯೆ ದುಂಡಗಿನ ಬಿಳಿ ಕಲೆ. ಇದಕ್ಕೆ ಮೂರು ಮೀಟರ್ ಉದ್ದದ ಪೈಪ್, ಏರ್‌ಬ್ರಷ್ ಹಿಡಿಕೆಯ ಕೆಳಗೇ ಕೂರುವ ಎರಡನೇ ಚಿಕ್ಕ ಫಿಲ್ಟರ್, ಇಪ್ಪತ್ತು ನಿಮಿಷಕ್ಕೊಮ್ಮೆ ಕಂಪ್ರೆಸರ್‌ಗೆ ಬಿಡುವು, ಇಷ್ಟು ಸಾಕು.

ಒತ್ತಡ ಓದುವುದರಲ್ಲೂ ಒಂದು ಸಣ್ಣ ತಪ್ಪು ಎಲ್ಲರದ್ದೂ ಇರುತ್ತದೆ. ಟ್ರಿಗರ್ ಬಿಟ್ಟಾಗ ಮೀಟರ್ 25 ಪಿಎಸ್‌ಐ ತೋರಿಸಿದರೆ, ಒತ್ತಿದಾಗ ಅದು ಕೆಲವು ಪಿಎಸ್‌ಐ ಇಳಿಯುತ್ತದೆ. ಲೆಕ್ಕಕ್ಕೆ ಬರುವುದು ಒತ್ತಿದಾಗಿನ ಅಂಕಿ. ಕೆಳಗೆ ಬರೆದಿರುವ ಒತ್ತಡಗಳೆಲ್ಲ ಟ್ರಿಗರ್ ಒತ್ತಿ ಓದಿದವು. (1 ಬಾರ್ ಅಂದರೆ ಸುಮಾರು 14.5 ಪಿಎಸ್‌ಐ.)

ಹದ

ಮೇಲೆ ಬಣ್ಣದ ಕಪ್ ಇರುವ, ಡಬಲ್ ಆ್ಯಕ್ಷನ್ (ಒಂದೇ ಟ್ರಿಗರ್ ಒತ್ತಿದರೆ ಗಾಳಿ, ಎಳೆದರೆ ಬಣ್ಣ), 0.3 ಅಥವಾ 0.35 ಮಿ.ಮೀ. ನಾಝಲ್‌ನ (ಬಣ್ಣ ಹೊರಡುವ ಮೂತಿ) ಏರ್‌ಬ್ರಷ್ ಒಂದಿದ್ದರೆ ಲೂರ್‌ನ ತೊಂಬತ್ತು ಪಾಲು ಕೆಲಸ ಮುಗಿಯುತ್ತದೆ. 0.2 ಕೊಂಡವರು ಅರ್ಧ ಹೊತ್ತು ಕಟ್ಟಿಕೊಂಡ ನಾಝಲ್ ಬಿಡಿಸುತ್ತಲೇ ಕೂರುತ್ತಾರೆ. ಮೊದಲ ಪದರವಾದ ಬಿಳಿ ಬೇಸ್‌ಗೆ, ಮುತ್ತಿನ ಹೊಳಪಿನ ಪರ್ಲ್ ಮತ್ತು ಮೆಟಾಲಿಕ್‌ಗೆ 0.5 ಇದ್ದರೆ ಅನುಕೂಲ. ಅವುಗಳ ಕಣ ದೊಡ್ಡದು.

ಬಣ್ಣದ ಹದಕ್ಕೆ ಅಡುಗೆಮನೆಯ ಹೋಲಿಕೆಯೇ ಸರಿ. ದೋಸೆ ಹಿಟ್ಟಿನ ಹಾಗಿದ್ದರೆ ಉಗುಳುತ್ತದೆ, ನೀರು ಮಜ್ಜಿಗೆಯ ಹಾಗಿದ್ದರೆ ಹರಿದು ಜೇಡನ ಕಾಲು ಮೂಡುತ್ತದೆ, ಕಾಯಿಸಿ ಆರಿಸಿದ ಹಾಲಿನ ಹಾಗಿರಬೇಕು. ಬಣ್ಣದ ಕಪ್‌ನ ಒಳಗೋಡೆಗೆ ಕಡ್ಡಿಯಿಂದ ಬಣ್ಣ ಹಚ್ಚಿ ನೋಡಿ: ಜಾರಿ ಇಳಿಯಬೇಕು, ಜಾರಿದ ದಾರಿಯಲ್ಲಿ ತೆಳುವಾದ ಪೊರೆ ಒಂದೆರಡು ಸೆಕೆಂಡು ಉಳಿಯಬೇಕು. ಏರ್‌ಬ್ರಷ್‌ಗೆಂದೇ ಮಾಡಿದ ಅಕ್ರಿಲಿಕ್‌ಗೆ ಹತ್ತು ಹನಿಗೆ ಒಂದೆರಡು ಹನಿ ರೆಡ್ಯೂಸರ್ (ಬಣ್ಣ ತೆಳು ಮಾಡುವ ದ್ರವ) ಸಾಕು. ಸ್ಟೇಷನರಿ ಅಂಗಡಿಯ ಕ್ರಾಫ್ಟ್ ಅಕ್ರಿಲಿಕ್ ಆದರೆ ಸಮ ಪಾಲು ತೆಳು ಮಾಡಿ, ಹಳೆಯ ನೈಲಾನ್ ಕಾಲುಚೀಲದಲ್ಲಿ ಸೋಸಬೇಕು. ಬರೀ ನೀರು ಹಾಕಿದರೆ ಬಣ್ಣ ನುಣ್ಣನೆಯ ಪ್ಲಾಸ್ಟಿಕ್ ಮೇಲೆ ಹನಿಗಟ್ಟುತ್ತದೆ. ರೆಡ್ಯೂಸರ್‌ಗೆ ಇರುವ ಬೆಲೆಯೇ ಅದು ಹರಡುವಂತೆ ಮಾಡುತ್ತದೆ ಅನ್ನುವುದಕ್ಕೆ.

ಬೇಸ್ ಹೊಡೆಯುವಾಗ 25 ಪಿಎಸ್‌ಐ, 8ರಿಂದ 10 ಸೆಂ.ಮೀ. ದೂರ. ಪಕ್ಕದ ಛಾಯೆಗೆ 20 ಪಿಎಸ್‌ಐ, 5 ಸೆಂ.ಮೀ. ಕಿವಿರಿನ ಗೆರೆ, ಬೆನ್ನಿನ ಪಟ್ಟೆಗೆ 12ರಿಂದ 15 ಪಿಎಸ್‌ಐ, 2 ಸೆಂ.ಮೀ. ಇಷ್ಟು ಕಡಿಮೆ ಒತ್ತಡಕ್ಕೆ ಬಣ್ಣ ಹೊರಡುತ್ತಿಲ್ಲ ಅಂದರೆ ಒತ್ತಡ ಏರಿಸಬೇಡಿ, ಬಣ್ಣ ಇನ್ನೊಂದು ಹನಿ ತೆಳು ಮಾಡಿ. ಇದೇ ಇಡೀ ವಿದ್ಯೆಯ ಕೀಲಿ ಅಂತ ನನ್ನ ಅಭಿಪ್ರಾಯ. ಒತ್ತಡ ಏರಿಸಿ ದಪ್ಪ ಬಣ್ಣವನ್ನು ತಳ್ಳುವವರ ಕೋಣೆಯಲ್ಲಿ ಟಾರ್ಚ್ ಹಚ್ಚಿದರೆ ಗೊತ್ತಾಗುತ್ತದೆ, ಬಣ್ಣ ದಾರಿಯಲ್ಲೇ ಒಣಗಿ ಪುಡಿಯಾಗಿ ಹಾರುತ್ತಿರುತ್ತದೆ. ಲೂರ್ ಮೇಲೆ ಬೆರಳಾಡಿಸಿದರೆ ರವೆ ಸಿಕ್ಕ ಹಾಗೆ ಸಿಗುವುದು ಆ ಪುಡಿಯೇ.

ಸೂಜಿಯ ತುದಿಯಲ್ಲಿ ಬಣ್ಣ ಒಣಗಿ ಗಂಟು ಕಟ್ಟುವುದು ಅಕ್ರಿಲಿಕ್‌ನ ಹುಟ್ಟುಗುಣ. ಗೆರೆ ಇದ್ದಕ್ಕಿದ್ದಂತೆ ಒಂದು ಬದಿಗೆ ವಾಲಿದರೆ, ಅಥವಾ ಸುಮ್ಮನಿದ್ದು ಪಟ್ಟನೆ ಚಿಮ್ಮಿದರೆ ಅದೇ ಕಾರಣ. ಇಪ್ಪತ್ತು ಹನಿ ಬಣ್ಣಕ್ಕೆ ಒಂದು ಹನಿ ರಿಟಾರ್ಡರ್ (ಬೇಗ ಒಣಗದಂತೆ ತಡೆಯುವ ದ್ರವ) ಹಾಕಿ, ಒದ್ದೆ ಮಾಡಿದ ಮೆತ್ತನೆಯ ಕುಂಚದಿಂದ ಐದು ನಿಮಿಷಕ್ಕೊಮ್ಮೆ ತುದಿ ಸವರಿ. ಉಗುರಿನಿಂದ ಕೀಳಬೇಡಿ. ಸೂಜಿಯ ತುದಿ ಬಾಗಿದರೆ ಆ ಮೇಲೆ ಎಷ್ಟು ತೊಳೆದರೂ ಗೆರೆ ನೇರವಾಗುವುದಿಲ್ಲ.

ಟ್ರಿಗರ್ ವಿಷಯ ಚಿಕ್ಕದು, ತಪ್ಪುವವರು ಬಹಳ. ಮೊದಲು ಕೆಳಗೆ ಒತ್ತಿ ಗಾಳಿ, ಆಮೇಲೆ ಹಿಂದಕ್ಕೆಳೆದು ಬಣ್ಣ. ಮುಗಿಸುವಾಗ ಮೊದಲು ಮುಂದಕ್ಕೆ ತಳ್ಳಿ ಬಣ್ಣ ನಿಲ್ಲಿಸಿ, ಕೊನೆಗೆ ಗಾಳಿ ಬಿಡಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ನಾಝಲ್‌ನಲ್ಲಿ ಒಂದು ತೊಟ್ಟು ಉಳಿಯುತ್ತದೆ, ಮುಂದಿನ ಗೆರೆಯ ತಲೆಯಲ್ಲಿ ಅದು ಬೊಟ್ಟಾಗಿ ಕೂರುತ್ತದೆ. ಕೈ ಲೂರ್‌ನ ಆಚೆಯಿಂದಲೇ ಚಲಿಸುತ್ತಾ ಬರಬೇಕು, ಬಾಲ ದಾಟಿದ ಮೇಲೆ ನಿಲ್ಲಬೇಕು.

ಹುರುಪೆ ಮೂಡಿಸುವುದು

ಮೈ ಸಿದ್ಧತೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಪ್ಲಾಸ್ಟಿಕ್ ಲೂರ್ ಆದರೆ ಪಾತ್ರೆ ಸೋಪಿನಲ್ಲಿ ತೊಳೆದು, 600 ನಂಬರಿನ ವಾಟರ್ ಪೇಪರ್‌ನಿಂದ ಒದ್ದೆಯಲ್ಲೇ ಹೊಳಪು ತೆಗೆಯಿರಿ. ಮರದ್ದಾದರೆ ಎರಡು ಕೋಟ್ ಸೀಲರ್, ನಡುವೆ 400. ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರದ ನಾರು ಒತ್ತಾಗಿರುವುದರಿಂದ ನೀರ ಮೇಲೆ ತೇಲುವ ಪಾಪರ್ ಲೂರ್‌ನಂಥ ದುಂಡು ಆಕಾರಕ್ಕೆ ಲೇತಿನಲ್ಲಿ ಚೆನ್ನಾಗಿ ಬರುತ್ತದೆ. ಪಾರದರ್ಶಕ ತುಟಿಗೆ ಟೇಪ್ ಸುತ್ತಿ. ಗಾಳಗಳನ್ನು ಬಿಚ್ಚಿಡಿ. ಮೂರು ಮುಳ್ಳಿನ ಗಾಳ ಹಾಕಿಕೊಂಡೇ ಬಣ್ಣ ಹೊಡೆಯುವವರಿಗೆ ಒಂದು ದಿನ ಆಸ್ಪತ್ರೆ ಖಚಿತ. ಲೂರ್ ಅನ್ನು ಬೆರಳಲ್ಲಿ ಹಿಡಿಯದೆ, ಬಿದಿರ ಕಡ್ಡಿಯ ತುದಿಗೆ ಕಟ್ಟಿದ ಮೊಸಳೆ ಕ್ಲಿಪ್ಪಿನಲ್ಲಿ ಕಚ್ಚಿಸಿ. ಬೆರಳಿನ ಜಿಡ್ಡು ತಾಗಿದ ಕಡೆ ಬಣ್ಣ ಮುಂದೆ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.

ಇನ್ನು ಹುರುಪೆ. ಸೊಳ್ಳೆ ಪರದೆಯ ತುಂಡು ಸಾಕು, ಸ್ನಾನದ ನೈಲಾನ್ ಸ್ಪಂಜನ್ನು ಬಿಚ್ಚಿದರೆ ಸಿಗುವ ಬಲೆ ಇನ್ನೂ ಚೆನ್ನ, ಏಕೆಂದರೆ ಅದರ ಕಣ್ಣು ವಜ್ರಾಕಾರಕ್ಕೆ ಹಿಗ್ಗುತ್ತದೆ. ಇಲ್ಲಿ ಒಂದು ಮಾತು ತಲೆಯಲ್ಲಿರಬೇಕು: ಹೊಸ ಬಣ್ಣ ಬೀಳುವುದು ಬಲೆಯ ಕಣ್ಣಿನೊಳಗೆ, ಎಳೆಯ ಕೆಳಗೆ ಉಳಿಯುವುದು ಹಳೆಯ ಬಣ್ಣ. ಬಿಳಿ ಮೈ ಮೇಲೆ ಬಲೆ ಬಿಗಿದು ಕಪ್ಪು ಹೊಡೆದರೆ ಕಪ್ಪು ಹುರುಪೆ, ಬಿಳಿ ಅಂಚು ಬರುತ್ತದೆ. ಅದು ಮೀನಿನ ಹಾಗಲ್ಲ, ಬೇಲಿಯ ಹಾಗೆ ಕಾಣುತ್ತದೆ. ತಿರುಗಿಸಿ ಮಾಡಿ. ಮೊದಲು ಪಕ್ಕಗಳಿಗೆ ಕಡು ಬೂದು ಅಥವಾ ಕಡು ಹಸಿರು, ಅದು ಒಣಗಿದ ಮೇಲೆ ಬಲೆ, ಬಲೆಯ ಮೇಲೆ ಬೆಳ್ಳಿ ಅಥವಾ ಪರ್ಲ್. ಆಗ ಹೊಳೆಯುವ ಹುರುಪೆಗೆ ಕಪ್ಪು ಅಂಚು ಬರುತ್ತದೆ.

ಬಲೆಯನ್ನು ಬೆನ್ನಿನ ಉದ್ದಕ್ಕೆ ಬಟ್ಟೆ ಕ್ಲಿಪ್ಪುಗಳಿಂದ ಬಿಗಿಯಿರಿ. ಹೊಟ್ಟೆಯ ಕಡೆ ಎಲ್ಲಿ ಎಳೆ ಮೈ ಬಿಟ್ಟು ಎದ್ದಿದೆಯೋ ಅಲ್ಲಿ ಮಂಜು ಕೆಳಗೆ ನುಸುಳಿ ಅಂಚು ಮಸುಕಾಗುತ್ತದೆ. ಏರ್‌ಬ್ರಷ್ ಮೈಗೆ ನೇರ ಲಂಬವಾಗಿರಲಿ, 18 ಪಿಎಸ್‌ಐ, ಒಣಗಿದಂತಿರುವ ಮೂರು ತೆಳು ಪದರ. ಒಂದೇ ದಪ್ಪ ಪದರ ಹೊಡೆದರೆ ಬಣ್ಣ ಎಳೆಗೆ ಅಂಟಿಕೊಂಡು, ಬಲೆ ತೆಗೆಯುವಾಗ ಹುರುಪೆಯೂ ಜೊತೆಗೆ ಬರುತ್ತದೆ. ಹೇರ್ ಡ್ರೈಯರ್ ಅನ್ನು 20 ಸೆಂ.ಮೀ. ದೂರದಿಂದ ಅರ್ಧ ನಿಮಿಷ ಆಡಿಸಿ, ಬಲೆಯನ್ನು ನೇರ ಮೇಲಕ್ಕೆತ್ತಿ. ಜಾರಿಸಬೇಡಿ. ಟೊಳ್ಳು ಪ್ಲಾಸ್ಟಿಕ್ ಲೂರ್‌ಗೆ ಡ್ರೈಯರ್ ಹತ್ತಿರ ಹಿಡಿದರೆ ಒಳಗಿನ ಗಾಳಿ ಹಿಗ್ಗಿ ಬೆಸುಗೆ ಬಿಟ್ಟುಕೊಳ್ಳುತ್ತದೆ. ಮೇಲಿಂದ ಏನೂ ಕಾಣುವುದಿಲ್ಲ, ನೀರಿಗೆ ಬಿಟ್ಟ ಮೇಲೆ ಲೂರ್ ನೀರು ಕುಡಿದು ಒಂದು ಬದಿಗೆ ಮಲಗುತ್ತದೆ.

ಕಿವಿರು, ಪಟ್ಟೆಗಳ ಅಚ್ಚಿಗೆ ಹಳೆಯ ಎಕ್ಸ್‌ರೇ ಫಿಲ್ಮ್‌ನಷ್ಟು ಒಳ್ಳೆಯದು ಬೇರೊಂದಿಲ್ಲ. ಮೈಗೆ ತಕ್ಕಂತೆ ಬಾಗುತ್ತದೆ, ಒರೆಸಿದರೆ ಬಣ್ಣ ಹೋಗುತ್ತದೆ. ಅಂದಹಾಗೆ, ಈ ಸೂಕ್ಷ್ಮವೆಲ್ಲ ಹಿಡಿಯುವವನ ಖುಷಿಗೆ. ಕೆಸರು ನೀರಿನಲ್ಲಿ ಮುರ್ರೆಲ್ ಮೀನಿಗೆ ಬೇಕಾಗುವುದು ಕಡು ಬೆನ್ನು, ತಿಳಿ ಹೊಟ್ಟೆ, ಎದ್ದು ಕಾಣುವ ಒಂದು ಕಣ್ಣು.

‘ವಾಟರ್ ಬೇಸ್ಡ್ ತಾನೆ’

ಈ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ನೀರಿನಲ್ಲಿ ಕಲಸಿದ್ದು ಅಂದರೆ ಥಿನ್ನರ್‌ನ ಆವಿ ಇಲ್ಲ, ಬೆಂಕಿಯ ಭಯ ಇಲ್ಲ, ಅಷ್ಟು ಮಾತ್ರ. ಮಂಜಿನ ಹನಿ ಒಳಗೆ ಹೋದ ಮೇಲೆ ನೀರು ಆರುತ್ತದೆ, ಬಣ್ಣದ ಪುಡಿಯೂ ಪ್ಲಾಸ್ಟಿಕ್ ಅಂಟೂ ಅಲ್ಲೇ ಉಳಿಯುತ್ತವೆ. ಹತ್ತು ಮೈಕ್ರಾನ್‌ಗಿಂತ ಸಣ್ಣ ಕಣ ಗಂಟಲು ದಾಟುತ್ತದೆ, ಇನ್ನೂ ಸಣ್ಣದು ಶ್ವಾಸಕೋಶದ ತುದಿ ಮುಟ್ಟುತ್ತದೆ.

ಬಾಟಲಿಯ ಹಿಂದಿನ ಚೀಟಿ ಓದಿ. ಬಣ್ಣದ ಪುಡಿಯ ಕೋಡ್ ಪಿವೈ 35, ಪಿವೈ 37, ಪಿಆರ್ 108 ಅಂತಿದ್ದರೆ ಅದು ಕ್ಯಾಡ್ಮಿಯಂ ಹಳದಿ, ಕೆಂಪು. ಕುಂಚದಲ್ಲಿ ಹಚ್ಚಲು ಅಡ್ಡಿಯಿಲ್ಲ, ಏರ್‌ಬ್ರಷ್‌ಗೆ ಸುತರಾಂ ಬೇಡ. ಕ್ಯಾಡ್ಮಿಯಂ ಪುಡಿ ಉಸಿರಿನಲ್ಲಿ ಹೋದರೆ ಕ್ಯಾನ್ಸರ್‌ಕಾರಕ. ಹೆಸರಿನ ಜೊತೆ ‘ಹ್ಯೂ’ ಅಂತ ಸೇರಿಸಿದ್ದರೆ ಅದು ಬರೀ ಆ ಬಣ್ಣದ ಛಾಯೆ. ಆದರೂ ಕೋಡ್ ನೋಡಿಯೇ ಕೊಳ್ಳಿ. ಅಟ್ಟದ ಮೇಲಿನ ಹಳೆಯ ಹಳದಿ ಎನಾಮೆಲ್ ಡಬ್ಬಿ ಥಿನ್ನರ್ ಹಾಕಿದರೆ ಆಗುತ್ತದಲ್ಲ ಅನ್ನುವ ಆಸೆಯೂ ಬೇಡ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಡಬ್ಬಿಯಲ್ಲಿ ಏನಿದೆಯೋ ಯಾರು ಬಲ್ಲರು. ಕೈಗಾರಿಕೆಯ ಬಣ್ಣಕ್ಕೆ ಆ ನಿಯಮ ಅನ್ವಯವೂ ಆಗುವುದಿಲ್ಲ.

ಅಕ್ರಿಲಿಕ್‌ಗೆ ಸರಿಯಾಗಿ ಕೂತ ಎನ್95 ಸಾಕು. ಥಿನ್ನರ್, ಲ್ಯಾಕರ್, ಎನಾಮೆಲ್‌ಗೆ ಅದು ಏನೂ ಮಾಡುವುದಿಲ್ಲ. ಕಣ ತಡೆಯುತ್ತದೆ, ಆವಿ ಸಲೀಸಾಗಿ ಹಾದುಹೋಗುತ್ತದೆ. ಆವಿಗೆ ಬೇಕಾದ್ದು ರಬ್ಬರಿನ ಅರ್ಧ ಮಾಸ್ಕ್, ಅದಕ್ಕೆ ಸಾವಯವ ಆವಿಯ ಇದ್ದಿಲು ಡಬ್ಬಿ (ಯುರೋಪಿನ ಗುರುತಿನಲ್ಲಿ ಕಂದು ಪಟ್ಟಿ, ಅಮೆರಿಕದ ಗುರುತಿನಲ್ಲಿ ಕಪ್ಪು) ಮತ್ತು ಮುಂದೆ ಕಣದ ಫಿಲ್ಟರ್. ಹಾಕಿಕೊಂಡ ಮೇಲೆ ಎರಡೂ ಡಬ್ಬಿಯನ್ನು ಅಂಗೈಯಿಂದ ಮುಚ್ಚಿ ಉಸಿರೆಳೆಯಿರಿ. ಮಾಸ್ಕ್ ಮುಖಕ್ಕೆ ಕಚ್ಚಿಕೊಂಡು ಹತ್ತು ಸೆಕೆಂಡು ಹಾಗೇ ನಿಲ್ಲಬೇಕು. ಗಡ್ಡ ಇದ್ದರೆ ನಿಲ್ಲುವುದಿಲ್ಲ, ಎರಡು ದಿನದ ಗಡ್ಡವೂ ಸೋರಿಸುತ್ತದೆ. ಇದ್ದಿಲು ಕೆಲಸವಿಲ್ಲದಾಗಲೂ ಕೋಣೆಯ ಆವಿ ಹೀರುತ್ತಲೇ ಇರುತ್ತದೆ. ಮೊಳೆಗೆ ನೇತುಹಾಕಬೇಡಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ. ಮಾಸ್ಕ್ ಒಳಗೆ ವಾಸನೆ ಬಂತೆಂದರೆ ಡಬ್ಬಿ ಮುಗಿಯಿತು.

ಮಾಸ್ಕ್‌ಗಿಂತ ಮೊದಲು ಗಾಳಿಪೆಟ್ಟಿಗೆ, ಅಂದರೆ ಬಣ್ಣದ ಮಂಜನ್ನು ಫ್ಯಾನ್‌ನಿಂದ ಎಳೆದು ಹೊರಗೆ ಬಿಡುವ, ಮುಂದೆ ತೆರೆದ ಪೆಟ್ಟಿಗೆ. ಮುಂದಿನ ಬಾಯಿ 45 ಸೆಂ.ಮೀ. ಅಗಲ, 35 ಸೆಂ.ಮೀ. ಎತ್ತರ ಇದ್ದರೆ ಒಳಗೆ ಹೋಗುವ ಗಾಳಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿರಬೇಕು. 0.45 × 0.35 × 0.5 ಅಂದರೆ ಸೆಕೆಂಡಿಗೆ 0.079 ಘನ ಮೀಟರ್, ಗಂಟೆಗೆ ಸುಮಾರು 285. ಫ್ಯಾನ್ ಡಬ್ಬಿಯ ಮೇಲೆ ಬರೆದಿರುವ ಅಂಕಿ ಬರಿಗಾಳಿಯದ್ದು. ಫಿಲ್ಟರ್, ಸುಕ್ಕು ಪೈಪ್, ಎರಡು ಬಾಗು ಸೇರಿದರೆ ಅದರಲ್ಲಿ ಬಹಳಷ್ಟು ಸೋರಿಹೋಗುತ್ತದೆ. ಆದ್ದರಿಂದ 550-600 ಇರುವುದನ್ನು ತನ್ನಿ. ಪೈಪ್ ಗಿಡ್ಡವಿರಲಿ, ಕಿಟಕಿಯ ಹೊರಗೇ ಬಿಡಲಿ. ಫಿಲ್ಟರ್ ದಾಟಿಸಿ ಕೋಣೆಗೇ ಮರಳಿ ಬಿಡುವ ಪೆಟ್ಟಿಗೆ ನೋಡಲು ಚೆಂದ, ಆವಿಗೆ ನಿರುಪಯೋಗಿ.

ಇದನ್ನು ಪರೀಕ್ಷಿಸಲು ಯಂತ್ರ ಬೇಡ. ಥಿನ್ನರ್ ಡಬ್ಬಿಗಳನ್ನೆಲ್ಲ ಹೊರಗಿಟ್ಟು, ಒಂದು ಊದುಬತ್ತಿ ಹಚ್ಚಿ ಪೆಟ್ಟಿಗೆಯ ಬಾಯಿಯ ನಾಲ್ಕೂ ಮೂಲೆಗೆ ಹಿಡಿಯಿರಿ. ಹೊಗೆ ನೇರ ಒಳಗೆ ಎಳೆದುಕೊಂಡು ಹೋಗಬೇಕು. ಕೆಳಗಿನ ಮೂಲೆಯಲ್ಲಿ ಅದು ಒಳಗೆ ಹೋಗಿ, ತಿರುಗಿ, ನಿಮ್ಮ ಕಡೆ ನಾಲಗೆ ಚಾಚುತ್ತಿದ್ದರೆ ಬಣ್ಣದ ಮಂಜೂ ಹಾಗೇ ಬರುತ್ತದೆ. ಈಗ ಸೀಲಿಂಗ್ ಫ್ಯಾನ್ ಒಂದರಲ್ಲಿಟ್ಟು ನೋಡಿ. ಹೊಗೆ ದಿಕ್ಕಾಪಾಲು. ಸೆಕೆ ಎಂದು ಫ್ಯಾನ್ ಹಾಕಿಕೊಂಡು ಬಣ್ಣ ಹೊಡೆದರೆ ಪೆಟ್ಟಿಗೆಗೆ ಕೊಟ್ಟ ದುಡ್ಡೆಲ್ಲ ದಂಡ. ಎದುರಿನ ಬಾಗಿಲು ನಾಲ್ಕು ಬೆರಳು ತೆರೆದಿರಲಿ. ಒಳಗೆ ಗಾಳಿ ಬರಲು ದಾರಿಯಿಲ್ಲದಿದ್ದರೆ ಹೊರಗೆ ಹೋಗುವುದೂ ಇಲ್ಲ.

ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್‌ನ ಥಿನ್ನರ್ ಸಿಂಪಡಿಸುವಾಗ ಇನ್ನೊಂದು ಭಯ ಬೆಂಕಿಯದು. ಅದರ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡುತ್ತದೆ, ಸಾಮಾನ್ಯವಾಗಿ ಕಂಪ್ರೆಸರ್ ಇಟ್ಟಿರುವುದೂ ಅಲ್ಲೇ. ತಾನೇ ಚಾಲೂ ಆಗುವ ಸ್ವಿಚ್ಚಿನ ಒಂದು ಕಿಡಿ ಸಾಕು. ಲೂರ್ ಬಣ್ಣಕ್ಕೆ ಅಕ್ರಿಲಿಕ್ ಇರುವಾಗ ಮನೆಯೊಳಗೆ ಲ್ಯಾಕರ್ ಹೊಡೆಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ಮೇಲಿನ ಗಾಜು

ಮೀನಿನ ಹಲ್ಲಿಗೂ ಬಂಡೆಗೂ ತಡೆಯುವ ಪಾರದರ್ಶಕ ಕ್ಲಿಯರ್ ಕೋಟ್‌ಗಾಗಿ ಕೆಲವರು ಕಾರಿನ ಟೂ-ಕೆ (ಹಾರ್ಡ್‌ನರ್ ಬೆರೆಸಿ ಗಟ್ಟಿಯಾಗಿಸುವ) ಕ್ಲಿಯರ್ ಅನ್ನು ಏರ್‌ಬ್ರಷ್‌ಗೆ ತುಂಬುತ್ತಾರೆ. ದಯವಿಟ್ಟು ಬೇಡ. ಅದರ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇದೆ. ಅಪಾಯದ ಮಟ್ಟ ಮುಟ್ಟಿದರೂ ಮೂಗಿಗೆ ತಿಳಿಯುವುದಿಲ್ಲ, ಹಾಗಾಗಿ ಇದ್ದಿಲು ಡಬ್ಬಿ ಮುಗಿದದ್ದೂ ಗೊತ್ತಾಗುವುದಿಲ್ಲ. ಒಮ್ಮೆ ದೇಹಕ್ಕೆ ಅದು ಒಗ್ಗದ ಹಾಗಾದರೆ ಮುಂದೆ ತೀರ ಅಲ್ಪ ಪ್ರಮಾಣಕ್ಕೂ ಆಸ್ತಮಾ ಕೆರಳುತ್ತದೆ. ಅದನ್ನು ಹೊಡೆಯುವವರು ಹೊರಗಿನ ಶುದ್ಧ ಗಾಳಿ ಪೈಪಿನಲ್ಲಿ ಬರುವ ಮುಸುಕು ಹಾಕಿಕೊಳ್ಳಬೇಕು. ಟೂ-ಕೆ ಬೇಕೇ ಬೇಕೆಂದರೆ ಇಪ್ಪತ್ತು ಲೂರ್ ಒಟ್ಟು ಮಾಡಿ, ಅಂಥ ವ್ಯವಸ್ಥೆಯಿರುವ ಪೇಂಟ್ ಬೂತ್‌ಗೆ ಕೊಟ್ಟು ಬನ್ನಿ. ಗಾಳಿಯ ತೇವಕ್ಕೆ ಗಟ್ಟಿಯಾಗುವ, ಅದ್ದಿ ತೆಗೆಯುವ ಯುರಿಥೇನ್‌ನಲ್ಲೂ ಐಸೋಸಯನೇಟ್ ಇರುತ್ತದೆ. ಮಳೆಗಾಲದಲ್ಲಿ ಮುಚ್ಚಳ ತೆರೆದರೆ ಡಬ್ಬಿಯೇ ಗಟ್ಟಿ.

ಮನೆಗೆ ಸರಿಯಾದದ್ದು ಕುಂಚದಲ್ಲಿ ಹಚ್ಚುವ ಎರಡು ಭಾಗದ ಎಪಾಕ್ಸಿ. ಮಂಜೇ ಇಲ್ಲ. ಬಣ್ಣ ಮುಗಿದು 24 ಗಂಟೆ ಕಾಯಿರಿ, ಕಣ್ಣು ಅಂಟಿಸಿ. ಸಮಪಾಲಿನ ಎಪಾಕ್ಸಿ ಆದರೆ ಎರಡು ಬೇರೆ ಬೇರೆ ಸಿರಿಂಜ್‌ನಿಂದ ಅಳೆಯಿರಿ, 7 ಸೆಂ.ಮೀ. ಲೂರ್‌ಗೆ ಒಟ್ಟು 2 ಎಂ.ಎಲ್. ಧಾರಾಳ. ಎರಡು ನಿಮಿಷ ಕಲಸಿ, ಬಟ್ಟಲಿನ ಗೋಡೆ ಕೆರೆದು ಇನ್ನೊಂದು ನಿಮಿಷ. ವಾರವಾದರೂ ಅಂಟಂಟು ಉಳಿಯುವುದು ಗೋಡೆಗೆ ಹತ್ತಿದ ಕಲಸದ ಭಾಗದಿಂದ. ಹಚ್ಚಿದ ಮೇಲೆ ನಿಮಿಷಕ್ಕೆ ಐದಾರು ಸುತ್ತು ತಿರುಗುವ ಮೋಟರ್‌ಗೆ ಸಿಕ್ಕಿಸಿ. ಇಲ್ಲದಿದ್ದರೆ ಹೊಟ್ಟೆಯಲ್ಲಿ ತೊಟ್ಟು ಇಳಿದು ಗಟ್ಟಿಯಾಗಿ ಲೂರ್‌ನ ತೂಕವೇ ತಪ್ಪುತ್ತದೆ. ಕೈಗೆ ನೈಟ್ರೈಲ್ ಗ್ಲೌಸ್. ಚರ್ಮಕ್ಕೆ ಹತ್ತಿದರೆ ಒಣಬಟ್ಟೆಯಲ್ಲಿ ಒರೆಸಿ ಸೋಪು ಹಾಕಿ ತೊಳೆಯಿರಿ. ಥಿನ್ನರ್ ಹಾಕಿ ಉಜ್ಜಿದರೆ ಅದು ಚರ್ಮದೊಳಕ್ಕೆ ಇನ್ನಷ್ಟು ಇಳಿಯುತ್ತದೆ. ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಯುವಿ ರೆಸಿನ್‌ಗೂ ಇದೇ ಮಾತು: ಗಟ್ಟಿಯಾಗುವ ಮುಂಚಿನ ರೆಸಿನ್ ಚರ್ಮಕ್ಕೆ ಅಲರ್ಜಿ ತರುತ್ತದೆ, ಅದರ ದೀಪ ಕಣ್ಣಿಗೆ ಕೆಟ್ಟದ್ದು.

ತೊಳೆಯುವಾಗ

ಕೆಲಸ ಮುಗಿಯಿತೆಂದು ಮಾಸ್ಕ್ ತೆಗೆದು, ಫ್ಯಾನ್ ಆರಿಸಿ, ಕಪ್ಪಿಗೆ ಕ್ಲೀನರ್ ಹಾಕಿ ಟ್ರಿಗರ್ ಪೂರ್ತಿ ಎಳೆಯುವುದು ಎಲ್ಲರ ಅಭ್ಯಾಸ. ಇಡೀ ದಿನದಲ್ಲಿ ಟ್ರಿಗರ್ ಪೂರ್ತಿ ತೆರೆಯುವುದು ಆ ಹೊತ್ತಿನಲ್ಲೇ. ಮೊದಲು ಉಳಿದ ಬಣ್ಣ ಸುರಿದು, ಕಪ್ಪನ್ನು ಟಿಶ್ಯೂನಲ್ಲಿ ಒರೆಸಿ, ಆಮೇಲೆ ಮುಚ್ಚಳದಲ್ಲಿ ಫಿಲ್ಟರ್ ಇರುವ ಜಾಡಿಯೊಳಗೆ ಊದಿ. ನಾಝಲ್ ಮುಚ್ಚಿ ಕಪ್ಪಿನಲ್ಲಿ ಗುಳ್ಳೆ ಎಬ್ಬಿಸುವಾಗ ಒತ್ತಡ 10 ಪಿಎಸ್‌ಐಗೆ ಇಳಿಸಿ. ಮುಚ್ಚಲು ಮಡಿಸಿದ ಒದ್ದೆ ಬಟ್ಟೆ ಬಳಸಿ, ಬರಿಬೆರಳಲ್ಲ. ಕಣ್ಣಿಗೆ ಕನ್ನಡಕ ಇರಲಿ.

ಸೂಜಿಯನ್ನು ಹಿಂದಿನಿಂದ ತುದಿಯ ಕಡೆಗೆ, ಬೆರಳಲ್ಲಿ ತಿರುಗಿಸುತ್ತಾ ಒರೆಸಿ. ಬಣ್ಣ ಹೊಡೆಯದಿದ್ದರೂ ಕಪ್ಪಿನಲ್ಲಿ ಗುಳ್ಳೆ ಏಳುತ್ತಿದ್ದರೆ ನಾಝಲ್‌ನ ಬುಡ ಸೋರುತ್ತಿದೆ. ತಿರುಪಿನ ಬುಡಕ್ಕೆ ಚೂರು ಜೇನುಮೇಣ ಹಚ್ಚಿ ಕೂರಿಸಿ, ಬೆರಳಿನ ಬಿಗಿ ಮೇಲೆ ಸ್ಪ್ಯಾನರ್‌ನ ಒಂದು ನವಿರು ತಿರುವು ಮಾತ್ರ. ಇನ್ನೊಂದು ತಿರುವು ಕೊಟ್ಟರೆ ತಿರುಪಿನ ಎಳೆ ಮುರಿದು ಅರ್ಧ ಒಳಗೇ ಉಳಿಯುತ್ತದೆ. ಗಾಜು ಒರೆಸುವ ಅಮೋನಿಯಾ ದ್ರವದಲ್ಲಿ ಏರ್‌ಬ್ರಷ್ ನೆನೆಹಾಕಬೇಡಿ, ಹಿತ್ತಾಳೆ ತಿನ್ನುತ್ತದೆ. ತೊಳೆದ ನೀರನ್ನು ಸಿಂಕಿಗೆ ಸುರಿಯದೆ ಅಗಲ ಬಾಯಿಯ ಡಬ್ಬಿಯಲ್ಲಿ ಆರಲು ಬಿಡಿ, ತಳದಲ್ಲಿ ಉಳಿದ ಪೊರೆಯನ್ನು ಕಸಕ್ಕೆ ಹಾಕಿ. ಆ ಡಬ್ಬಿ ಕಾಫಿ ಲೋಟದ ಪಕ್ಕದಲ್ಲಿರದಿರಲಿ.

ಪೆಟ್ಟಿಗೆಯ ಫ್ಯಾನ್ ಇನ್ನೂ ಹತ್ತು ನಿಮಿಷ ಓಡಲಿ. ಅಷ್ಟರಲ್ಲಿ ಕಂಪ್ರೆಸರ್ ಆರಿಸಿ, ಗಾಳಿ ಪೂರ್ತಿ ಇಳಿಯುವ ಮುಂಚೆ, ಟ್ಯಾಂಕಿನ ಹೊಟ್ಟೆಯಲ್ಲಿರುವ ತಿರುಪನ್ನು ಅರ್ಧ ಸುತ್ತು ಸಡಿಲಿಸಿ ಕೆಳಗೊಂದು ಬಟ್ಟೆ ಹಿಡಿಯಿರಿ. ತಿಳಿ ನೀರು ಬಂದರೆ ಸರಿ. ಕಂದು ನೀರು ಬಂದರೆ ಒಳಗೆ ತುಕ್ಕು ಹಿಡಿಯುತ್ತಿದೆ, ಇನ್ನು ಮುಂದೆ ಒಂದು ದಿನವೂ ಇದನ್ನು ಬಿಡುವಂತಿಲ್ಲ.